ಓದುಗರ ಪ್ರಶ್ನೆಗಳಿಗೆ ಉತ್ತರ: ಕೊರಿಯಾದ ಜನಪದ ಚಿತ್ರಗಳನ್ನು ತರಗತಿಗೆ ತರುವ ಬಗೆ

ಏಷ್ಯಾದ ಜನಪದ ಚಿತ್ರಪರಂಪರೆಗಳನ್ನು ಕುರಿತು ಈ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಕೊರಿಯಾದ ‘ಮಿನ್‌ಹ್ವಾ’ ಚಿತ್ರಗಳ ಪ್ರಸ್ತಾಪ ಒಂದು ಪ್ಯಾರಾದಷ್ಟು ಮಾತ್ರ ಇತ್ತು. ಅದನ್ನು ಓದಿದ ಹಲವು ಶಿಕ್ಷಕರು ಮತ್ತು ಪೋಷಕರು, ಈ ಚಿತ್ರಗಳನ್ನು ಮಕ್ಕಳಿಗೆ ಪರಿಚಯಿಸುವ ಬಗೆಯನ್ನು ವಿವರವಾಗಿ ತಿಳಿಸಬೇಕೆಂದು ಕೇಳಿ ಬರೆದಿದ್ದಾರೆ. ಅವರ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. 2025ರಲ್ಲಿ ಜಗತ್ತಿನಾದ್ಯಂತ ಮಕ್ಕಳು ಮುಗಿಬಿದ್ದು ನೋಡಿದ ಅನಿಮೇಷನ್ ಚಿತ್ರವೊಂದರಲ್ಲಿ ನೀಲಿ ಹುಲಿಯೂ ಅದರ ಜೊತೆಗೊಂದು ಹಕ್ಕಿಯೂ ಬರುತ್ತವೆ. ಅವುಗಳ ಮೂಲ ಕೊರಿಯಾದ ಜನಪದ ಚಿತ್ರಗಳಲ್ಲಿದೆ ಎಂದು ನನ್ನ ಒಂಬತ್ತನೇ ತರಗತಿಯ ಮಕ್ಕಳೇ ನನಗೆ ಹೇಳಿದರು. ಅವರ ಉತ್ಸಾಹವನ್ನು ಬಳಸಿಕೊಳ್ಳಬೇಕೆಂಬ ಆಸೆ ನನಗಿದೆ. ನನಗೆ ಸಿಗುವುದು ನಾಲ್ಕು ಪೀರಿಯಡ್‌ಗಳು. ಹುಲಿಯಿಂದಲೇ ಆರಂಭಿಸಬಹುದೇ?
– ಸಾಗರದ ಓದುಗರೊಬ್ಬರು

ಉತ್ತರ: ಖಂಡಿತ ಆರಂಭಿಸಬಹುದು. ಆದರೆ ಮಕ್ಕಳ ಕೈಗೆ ಪೆನ್ಸಿಲ್ ಕೊಡುವ ಮುನ್ನ, ಆ ಹುಲಿ ಯಾರ ಮನೆಯಲ್ಲಿ, ಯಾವ ಬಾಗಿಲ ಮೇಲೆ, ವರ್ಷದ ಯಾವ ದಿನ ಬಂದು ಕೂರುತ್ತಿತ್ತು ಎಂಬುದನ್ನು ಅವರಿಗೆ ಹೇಳಿರಿ. ನಿಮ್ಮ ನಾಲ್ಕು ಪೀರಿಯಡ್‌ಗಳಲ್ಲಿ ಮೊದಲನೆಯದು ಪೂರ್ತಿಯಾಗಿ ಇದಕ್ಕೇ ಹೋದರೂ ಅದನ್ನು ನಷ್ಟವೆಂದು ಎಣಿಸಬೇಡಿ. ಮಿನ್‌ಹ್ವಾ ಚಿತ್ರಗಳು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿ ಮೆಚ್ಚಲೆಂದು ಹುಟ್ಟಿದವಲ್ಲ. ಮದುವೆ, ಮಗುವಿನ ಜನನ, ಓದು, ಪರೀಕ್ಷೆ, ಅರವತ್ತರ ಸಂಭ್ರಮ, ಹೊಸ ವರ್ಷ, ಹಿರಿಯರ ಆರಾಧನೆ ಹೀಗೆ ಮನೆಯ ಒಂದೊಂದು ಸಂದರ್ಭಕ್ಕೂ ಬೇಕಾದ ಒಂದೊಂದು ಹಾರೈಕೆಯನ್ನು ಹೊತ್ತು ಬಂದ ಚಿತ್ರಗಳು ಅವು. ಆ ಹಾರೈಕೆಯನ್ನು ಬಿಟ್ಟು ಬರೀ ಆಕಾರವನ್ನು ಕಲಿಸಿದರೆ, ಮಕ್ಕಳ ಕೈಯಲ್ಲಿ ಉಳಿಯುವುದು ಒಂದು ತಮಾಷೆಯ ಹುಲಿ ಮಾತ್ರ.

ಕೊರಿಯಾವನ್ನು 1392ರಿಂದ 1910ರವರೆಗೆ ಆಳಿದ ಜೋಸನ್ ರಾಜವಂಶದ ಕೊನೆಯ ಎರಡು ಶತಮಾನಗಳಲ್ಲಿ ಈ ಚಿತ್ರಗಳು ಹೆಚ್ಚಾಗಿ ಬಳಕೆಗೆ ಬಂದವು. ವ್ಯಾಪಾರದಿಂದ ಕೈಯಲ್ಲಿ ನಾಲ್ಕು ಕಾಸು ಕಂಡಿದ್ದ ಪಟ್ಟಣಿಗರು, ಅಲ್ಲಿಯವರೆಗೆ ಅರಮನೆಗೂ ದೊಡ್ಡ ಮನೆತನಗಳಿಗೂ ಮೀಸಲಾಗಿದ್ದ ಚಿತ್ರದ ಪರದೆಗಳನ್ನು (ಹಲವು ಮಡಿಕೆಗಳಾಗಿ ಮಡಚಿಡಬಹುದಾದ, ನೆಲದ ಮೇಲೆ ನಿಲ್ಲಿಸುವ ಮರೆಗಳನ್ನು) ತಮ್ಮ ಮನೆಗೂ ತರಿಸಿಕೊಳ್ಳತೊಡಗಿದರು. ಇಂದಿನ ಸೋಲ್ ನಗರವಾದ ಅಂದಿನ ಹಾನ್ಯಾಂಗ್‌ನಲ್ಲಿ ಗ್ವಾಂಗ್‌ಟೊಂಗ್ ಸೇತುವೆಯ ಬಳಿ ಚಿತ್ರಗಳ ಅಂಗಡಿಗಳಿದ್ದವು. ಅಲ್ಲಿ ಯಾವ ಯಾವ ಚಿತ್ರಗಳು ಮಾರಾಟಕ್ಕಿದ್ದವೆಂದು 1844ರಲ್ಲಿ ರಚಿತವಾದ, ರಾಜಧಾನಿಯನ್ನು ಬಣ್ಣಿಸುವ ದೀರ್ಘ ಪದ್ಯವೊಂದು ಹೇಳುತ್ತದೆ. ಈ ಚಿತ್ರಗಳನ್ನು ಬರೆದವರಲ್ಲಿ ಆಸ್ಥಾನದಲ್ಲಿ ತರಬೇತಾದವರಿದ್ದರು. ಊರೂರು ತಿರುಗಿ, ಕರೆದವರ ಮನೆಯಲ್ಲಿ ಉಳಿದು, ಬರೆದುಕೊಟ್ಟು ಮುಂದೆ ಹೋಗುತ್ತಿದ್ದವರೂ ಇದ್ದರು. ಬಹುಪಾಲು ಚಿತ್ರಗಳ ಮೇಲೆ ಬರೆದವರ ಹೆಸರಿಲ್ಲ.

ಈಗ ಹುಲಿಯ ವಿಚಾರ. ಹೊಸ ವರ್ಷದ ಹೊತ್ತಿಗೆ ಮನೆಯ ಬಾಗಿಲಿಗೆ ಚಿತ್ರ ಅಂಟಿಸುವ ಪದ್ಧತಿ ಅಲ್ಲಿತ್ತು. ಕೇಡು ಒಳಗೆ ಬರದಂತೆ ತಡೆಯುವುದು ಹುಲಿಯ ಕೆಲಸ. ಒಳ್ಳೆಯ ಸುದ್ದಿಯನ್ನು ತರುವುದು ಹಕ್ಕಿಯ ಕೆಲಸ. ಈ ಹಕ್ಕಿ ಕಾಗೆಯ ಬಳಗಕ್ಕೆ ಸೇರಿದ, ಕಪ್ಪು-ಬಿಳಿ ಮೈಯ, ಉದ್ದ ಬಾಲದ ಮ್ಯಾಗ್‌ಪೈ. ನಮ್ಮ ಹಿತ್ತಲಲ್ಲಿ ಹಾಡುವ ಮಡಿವಾಳ ಹಕ್ಕಿಯೂ ಕಪ್ಪು-ಬಿಳಿಯಾಗಿರುವುದರಿಂದ ಮಕ್ಕಳು ಎರಡನ್ನೂ ಒಂದೇ ಎಂದುಕೊಳ್ಳಬಹುದು. ಆದ್ದರಿಂದ ಮ್ಯಾಗ್‌ಪೈ ಹಕ್ಕಿಯ ಫೋಟೊವೊಂದನ್ನು ಮೊದಲು ತೋರಿಸಿಬಿಡಿ. ಮನೆಯ ಬಳಿ ಈ ಹಕ್ಕಿ ಬೆಳಗ್ಗೆ ಕೂಗಿದರೆ ಬೇಕಾದ ನೆಂಟರು ಬರುತ್ತಾರೆಂಬ ನಂಬಿಕೆ ಕೊರಿಯಾದಲ್ಲಿದೆ. ಕಾಗೆ ಕೂಗಿದರೆ ನೆಂಟರು ಬರುತ್ತಾರೆಂದು ಮನೆಯಲ್ಲಿ ಕೇಳಿ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ಒಂದೇ ಒಂದು ಒಳ್ಳೆಯ ಹುಲಿ-ಹಕ್ಕಿ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಚ್ಚಿ, ಮಕ್ಕಳನ್ನು ಹತ್ತು ನಿಮಿಷ ಸುಮ್ಮನೆ ನೋಡಲು ಬಿಡಿ. ಇಂಥ ಅನೇಕ ಚಿತ್ರಗಳಲ್ಲಿ ಹುಲಿ ಪೈನ್ ಮರದ ಕೆಳಗೆ ಮುಂಗಾಲೂರಿ ಕುಳಿತಿರುತ್ತದೆ. ಕತ್ತು ಹಕ್ಕಿಯ ಕಡೆಗೆ ತಿರುಗಿರುತ್ತದೆ. ಹಳದಿ ಕಣ್ಣುಗಳೆರಡೂ ದುಂಡಗೆ ಅರಳಿದ್ದರೂ ಒಂದೇ ಕಡೆಗೆ ನೋಡುವುದಿಲ್ಲ. ಬೆನ್ನಿನ ಮೇಲೆ ಪಟ್ಟೆಗಳಿದ್ದರೆ ಎದೆಯ ಮೇಲೋ ಹೊಟ್ಟೆಯ ಬದಿಯಲ್ಲೋ ಚಿರತೆಯ ಮೈಯಲ್ಲಿರುವಂಥ ಚುಕ್ಕೆಗಳಿರುತ್ತವೆ. ಇದು ಚಿತ್ರಕಾರನ ಅಜ್ಞಾನವಲ್ಲ. ಚೀನಾದಿಂದ ಬಂದ ಮೂಲ ವಿನ್ಯಾಸದಲ್ಲಿ ಹಕ್ಕಿಯ ಜೊತೆಗಿದ್ದದ್ದು ಚಿರತೆ. ಕೊರಿಯಾದಲ್ಲಿ ಅದರ ಜಾಗಕ್ಕೆ ಹುಲಿ ಬಂತು, ಹಳೆಯ ಚುಕ್ಕೆಗಳು ಅಲ್ಲಲ್ಲಿ ಉಳಿದುಕೊಂಡವು. ಹುಲಿಯೇ ಯಾಕೆ ಬಂತು ಎಂದರೆ, ಆ ದೇಶದ ಬೆಟ್ಟಗಳಲ್ಲಿ ನಿಜವಾದ ಹುಲಿಗಳಿದ್ದವು, ಅವುಗಳ ಭಯವೂ ಇತ್ತು. ಅವನ್ನು ಹಿಡಿಯಲೆಂದೇ ಜೋಸನ್ ಸೈನ್ಯದಲ್ಲಿ ಪ್ರತ್ಯೇಕ ತುಕಡಿಗಳಿದ್ದವು. ಭಯದ ಜೊತೆಗೆ ಭಕ್ತಿಯೂ ಇತ್ತು. ಬೌದ್ಧ ದೇವಾಲಯಗಳ ಆವರಣದಲ್ಲಿ ಬೆಟ್ಟದ ದೇವರಿಗೆಂದು ಕಟ್ಟಿದ ಪುಟ್ಟ ಗುಡಿಗಳಲ್ಲಿ ಬಿಳಿಗಡ್ಡದ ಮುದುಕನ ಪಕ್ಕ ಹುಲಿ ಇರುವ ಚಿತ್ರವನ್ನು ಇಂದಿಗೂ ನೋಡಬಹುದು. ಮಲೆನಾಡಿನ ಹುಲಿದೇವರ ಬನಗಳನ್ನು ಬಲ್ಲ ನಿಮ್ಮ ಮಕ್ಕಳಿಗೆ, ಹೆದರುವ ಪ್ರಾಣಿಗೇ ಕೈಮುಗಿಯುವ ಈ ಮನಸ್ಸು ಪರಿಚಿತವೇ ಆಗಿರುತ್ತದೆ.

ಒಂದು ಎಚ್ಚರಿಕೆಯನ್ನು ಹೇಳಬೇಕು. ಪೆದ್ದು ಮುಖದ ಹುಲಿಯೆಂದರೆ ದರ್ಪದ ಅಧಿಕಾರಿವರ್ಗ, ಮರದ ಮೇಲಿಂದ ಅದನ್ನು ಛೇಡಿಸುವ ಹಕ್ಕಿಯೆಂದರೆ ಜನಸಾಮಾನ್ಯರು ಎಂಬ ವ್ಯಾಖ್ಯಾನ ಬಹಳ ಪ್ರಚಲಿತವಾಗಿದೆ. ಕೇಳಲು ಸೊಗಸಾಗಿದೆ, ಮಕ್ಕಳಿಗೆ ಇಷ್ಟವೂ ಆಗುತ್ತದೆ. ಆದರೆ ಈ ಚಿತ್ರ ಬಾಗಿಲಿಗೆ ಬಂದದ್ದು ಮೊದಲಿಗೆ ಕಾವಲಿಗಾಗಿ, ಶುಭಕ್ಕಾಗಿ. ವಿಡಂಬನೆಯ ಅರ್ಥವನ್ನು ‘ಹೀಗೂ ನೋಡುತ್ತಾರೆ’ ಎಂದು ತಿಳಿಸಿ. ಅದೊಂದೇ ಅರ್ಥವೆಂದು ಪರೀಕ್ಷೆಯ ಉತ್ತರದಂತೆ ಬರೆಸಬೇಡಿ.

ನಿಮ್ಮ ಊರಿನ ವಿಚಾರವಾಗಿ ಇನ್ನೊಂದು ಮಾತು. ಸಾಗರದ ಸುತ್ತಮುತ್ತ ದೀವರ ಮನೆಗಳಲ್ಲಿ ಮದುವೆಗೆಂದು ಹಸೆ ಚಿತ್ತಾರ ಬರೆಯುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ನೆನೆದ ಅಕ್ಕಿಯನ್ನು ಅರೆದು ಮಾಡಿದ ಬಿಳುಪು, ಕೆಮ್ಮಣ್ಣಿನ ಕೆಂಪು, ಪುಂಡಿ ನಾರಿನ ಕುಂಚ ಇವೆಲ್ಲ ನಿಮ್ಮ ತರಗತಿಯ ಕೆಲವು ಮಕ್ಕಳ ಮನೆಯಲ್ಲೇ ಇರಬಹುದು. ಕೊರಿಯಾದಲ್ಲಿ ವಧೂವರರ ಹಿಂದೆ ಪಿಯೋನಿ ಹೂಗಳ ಪರದೆಯನ್ನು ನಿಲ್ಲಿಸುತ್ತಿದ್ದರು. ಇಲ್ಲಿ ಹಸೆಗೋಡೆಯ ಮೇಲೆ ಚಿತ್ತಾರ ಬರೆಯುತ್ತಾರೆ. ಇವೆರಡಕ್ಕೂ ಚರಿತ್ರೆಯಲ್ಲಿ ಯಾವ ಸಂಬಂಧವೂ ಇಲ್ಲ, ಆಕಾರಗಳಲ್ಲೂ ಹೋಲಿಕೆಯಿಲ್ಲ. ಆದರೆ ಚಿತ್ರವೊಂದು ಮದುವೆಯ ಅಂಗವಾಗಿರುವುದು ಎಂದರೇನೆಂದು ತಿಳಿಯಲು ನಿಮ್ಮ ಮಕ್ಕಳು ಬಹಳ ದೂರ ಹೋಗಬೇಕಾಗಿಲ್ಲ. ಸಾಧ್ಯವಾದರೆ ಚಿತ್ತಾರ ಬರೆಯುವ ಅಜ್ಜಿಯೊಬ್ಬರನ್ನು ಶಾಲೆಗೆ ಕರೆದು, ಅವರ ಮುಂದೆ ಕೊರಿಯಾದ ಚಿತ್ರವನ್ನಿಟ್ಟು, ಅವರು ಏನನ್ನು ಗಮನಿಸುತ್ತಾರೆಂದು ಮಕ್ಕಳೇ ಕೇಳಲಿ.

ಪ್ರಶ್ನೆ: ಮಿನ್‌ಹ್ವಾ ಎಂದರೆ ಜನಸಾಮಾನ್ಯರ ಚಿತ್ರ ಎನ್ನುತ್ತಾರೆ. ಆದರೆ ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವ ಪುಸ್ತಕದ ಕಪಾಟಿನ ಪರದೆಗಳು, ಸೂರ್ಯ-ಚಂದ್ರ-ಪರ್ವತಗಳ ಪರದೆ ಇವೆಲ್ಲ ಅರಮನೆಯವು ಎಂದಿರುತ್ತದೆ. ವಿದ್ಯಾರ್ಥಿಗಳು ಕೇಳಿದರೆ ಏನು ಹೇಳಬೇಕು?
– ಬೆಂಗಳೂರಿನ ದೃಶ್ಯಕಲಾ ಕಾಲೇಜೊಂದರ ಉಪನ್ಯಾಸಕರು

ಉತ್ತರ: ನಿಮ್ಮ ಸಂದೇಹ ಸರಿಯಾದದ್ದೇ. ಆ ಹೆಸರು ಚಿತ್ರಗಳ ಜೊತೆಗೇ ಹುಟ್ಟಿದ್ದಲ್ಲ. ಜಪಾನಿನ ಜನಪದ ಕರಕುಶಲ ಚಳವಳಿಯ ಚಿಂತಕ ಯಾನಗಿ ಮುನೆಯೊಶಿ (1889–1961), ಹೆಸರಿಲ್ಲದ ಕೈಗಳು ನಿತ್ಯದ ಬಳಕೆಗೆ ಮಾಡಿದ ವಸ್ತುಗಳಲ್ಲೇ ನಿಜವಾದ ಸೌಂದರ್ಯವಿದೆ ಎಂದು ಪ್ರತಿಪಾದಿಸಿದವರು. ಅವರು 1924ರಲ್ಲಿ ಸೋಲ್‌ನ ಗ್ಯೊಂಗ್‌ಬೊಕ್ ಅರಮನೆಯ ಆವರಣದಲ್ಲಿ ಕೊರಿಯಾದ ಕಲೆಗೆಂದು ವಸ್ತುಸಂಗ್ರಹಾಲಯ ತೆರೆದರು. ಇಂಥ ಚಿತ್ರಗಳಿಗೆ ಈ ಹೆಸರನ್ನು ಬಳಕೆಗೆ ತಂದವರೂ ಅವರೇ. ಅದಕ್ಕೂ ಮುಂಚೆ ಕೊರಿಯಾದ ವಿದ್ವಾಂಸರು ಇವನ್ನು ಗ್ರಾಮ್ಯ ಚಿತ್ರಗಳೆಂದು ಕರೆದು ಬದಿಗಿರಿಸಿದ್ದರು. ಕೊರಿಯಾದೊಳಗೆ ಇವುಗಳಿಗೆ ಗೌರವ ತಂದುಕೊಡಲು ಬಹಳ ದುಡಿದವರು, ಅಮೆರಿಕದಲ್ಲಿ ಓದಿ ಬಂದು ಕಟ್ಟಡ ನಿರ್ಮಾಣದಲ್ಲಿ ಹೆಸರು ಮಾಡಿದ್ದ ಜೋ ಜಾಯೊಂಗ್ (1926–2000). ದೇಶ ಹಳ್ಳಿಯ ಹಳೆಯದನ್ನೆಲ್ಲ ಕಿತ್ತುಹಾಕುವ ಭರದಲ್ಲಿದ್ದ ಕಾಲದಲ್ಲಿ ಅವರು ಹುಲಿಯ ಚಿತ್ರಗಳನ್ನೂ ಹೆಂಚು, ಕಲ್ಲುಗಳನ್ನೂ ಕೂಡಿಹಾಕಿ 1968ರಲ್ಲಿ ಎಮಿಲೆ ವಸ್ತುಸಂಗ್ರಹಾಲಯವನ್ನು ತೆರೆದರು. ಆ ಕೆಲಸಕ್ಕೆ ಕೊರಿಯಾದ ಇಂದಿನ ಮಿನ್‌ಹ್ವಾ ಕಲಾವಿದರೆಲ್ಲ ಋಣಿಗಳು.

ಅರಮನೆ ಮತ್ತು ಮಾರುಕಟ್ಟೆಯ ನಡುವೆ ಗೋಡೆಯಿದ್ದಂತೆ ಭಾವಿಸುವುದರಿಂದಲೇ ಗೊಂದಲ ಹುಟ್ಟುತ್ತದೆ. ಪುಸ್ತಕದ ಕಪಾಟಿನ ಚಿತ್ರವನ್ನೇ ತೆಗೆದುಕೊಳ್ಳಿ. ಇದನ್ನು ‘ಚೇಕ್‌ಗಾದೊ’ ಎನ್ನುತ್ತಾರೆ. 1776ರಿಂದ 1800ರವರೆಗೆ ಆಳಿದ ಜೊಂಗ್‌ಜೊ ಎಂಬ ರಾಜ ಮಹಾ ಓದುಗ. ಸಿಂಹಾಸನದ ಹಿಂದೆ ಸೂರ್ಯ, ಚಂದ್ರ ಮತ್ತು ಐದು ಶಿಖರಗಳ ಪರದೆ ಇರಬೇಕೆಂಬುದು ಸಂಪ್ರದಾಯ. ಕೊರಿಯಾದ 10,000 ವಾನ್ ನೋಟಿನ ಮೇಲೆ ಸೇಜೊಂಗ್ ರಾಜನ ಹಿಂದೆ ಕಾಣುವುದೂ ಅದೇ. ಜೊಂಗ್‌ಜೊ 1791ರಲ್ಲಿ ತನ್ನ ಪೀಠದ ಹಿಂದೆ ಪುಸ್ತಕದ ಕಪಾಟಿನ ಪರದೆಯನ್ನು ಇಡಿಸಿ, ಇವು ನಿಜವಾದ ಪುಸ್ತಕಗಳೆಂದುಕೊಂಡಿರಾ ಎಂದು ಮಂತ್ರಿಗಳನ್ನು ಕೇಳಿ, ಓದಲು ಬಿಡುವಿಲ್ಲದಾಗ ಈ ಚಿತ್ರವನ್ನು ನೋಡಿ ಮನಸ್ಸನ್ನು ತಣಿಸಿಕೊಳ್ಳುತ್ತೇನೆ ಎಂಬರ್ಥದ ಮಾತಾಡಿದನು. ರಾಜನಿಗೆ ಹಿಡಿಸಿದ್ದು ದೊಡ್ಡ ಮನೆಗಳಿಗೆ ಬಂತು. ದೊಡ್ಡ ಮನೆಗಳಿಂದ ಸೇತುವೆಯ ಬಳಿಯ ಅಂಗಡಿಗೆ ಬಂತು. ಅಲ್ಲಿಂದ ಮಗ ಓದಿ ಸರ್ಕಾರಿ ಪರೀಕ್ಷೆಯಲ್ಲಿ ಪಾಸಾಗಲಿ ಎಂದು ಹಾರೈಸುವ ಸಾಧಾರಣ ಮನೆಗೂ ಬಂತು.

ಈ ಪಯಣದಲ್ಲಿ ಚಿತ್ರ ಬದಲಾದ ರೀತಿಯನ್ನು ನಿಮ್ಮ ವಿದ್ಯಾರ್ಥಿಗಳು ಹತ್ತಿರದಿಂದ ನೋಡಬೇಕು. ಆಸ್ಥಾನದ ಚಿತ್ರಕಾರ ಜಾಂಗ್ ಹಾನ್-ಜೊಂಗ್ (1768–1815) ಬರೆದ ಕಪಾಟಿನಲ್ಲಿ ಆಳವಿದೆ, ನೆರಳಿದೆ. ಬೀಜಿಂಗ್ ಆಸ್ಥಾನದಲ್ಲಿ ಯುರೋಪಿನ ಪಾದ್ರಿ ಚಿತ್ರಕಾರರಿಂದ ಹರಡಿದ, ದೂರದ್ದನ್ನು ಚಿಕ್ಕದಾಗಿ ಬರೆದು ಆಳ ತೋರಿಸುವ ದೃಷ್ಟಿಕ್ರಮದ (ಪರ್ಸ್ಪೆಕ್ಟಿವ್) ಪ್ರಭಾವ ಅದರಲ್ಲಿ ಸ್ಪಷ್ಟ. ಆದರೆ ಸಾಧಾರಣ ಮನೆಗಳಿಗೆಂದು ಬರೆದ ಪರದೆಗಳಲ್ಲಿ ಕಪಾಟೇ ಮಾಯವಾಗುತ್ತದೆ. ಪುಸ್ತಕದ ಕಟ್ಟುಗಳು, ಕುಂಚ, ಕನ್ನಡಕ, ಬೀಜ ಕಾಣುವಂತೆ ಸೀಳಿದ ದಾಳಿಂಬೆ, ಕಲ್ಲಂಗಡಿ, ನವಿಲುಗರಿ ಎಲ್ಲವೂ ಒಂದರ ಮೇಲೊಂದು ಏರಿ ಗಾಳಿಯಲ್ಲಿ ನಿಂತಂತಿರುತ್ತವೆ. ಪುಸ್ತಕದ ಕಟ್ಟಿನ ಹಿಂದಿನ ಅಂಚು ಮುಂದಿನ ಅಂಚಿಗಿಂತ ಅಗಲವಾಗಿರುತ್ತದೆ. ಒಂದೇ ಮೇಜಿನ ಎಡಬದಿಯೂ ಬಲಬದಿಯೂ ಒಟ್ಟಿಗೆ ಕಾಣುತ್ತವೆ. ಕಲ್ಲಂಗಡಿ, ದಾಳಿಂಬೆಗಳ ತುಂಬಿದ ಬೀಜಗಳು ಸಂತಾನದ ಹಾರೈಕೆ. ಓದಿನ ಕೋಣೆಯ ಚಿತ್ರದೊಳಗೆ ಸಂಸಾರದ ಆಸೆಗಳೆಲ್ಲ ಹೀಗೆ ಬಂದು ಸೇರಿಕೊಂಡವು. ಪರ್ಸ್ಪೆಕ್ಟಿವ್‌ನ ನಿಯಮಗಳನ್ನು ಕಲಿತ ವಿದ್ಯಾರ್ಥಿಗಳಿಗೆ ಇವೆರಡು ಬಗೆಯ ಪರದೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ, ಎರಡನೆಯದನ್ನು ತಪ್ಪು ಎನ್ನಲು ಅವರಿಗೆ ಮನಸ್ಸು ಬರುವುದಿಲ್ಲ. ವೈಯಕ್ತಿಕವಾಗಿ ನನಗೆ ಹೆಚ್ಚು ಇಷ್ಟವಾಗುವುದೂ ಎರಡನೆಯದೇ.

ಮತ್ತೊಂದು ಸ್ವಾರಸ್ಯ. ಚೇಕ್‌ಗಾದೊ ಬರೆಯುವುದರಲ್ಲಿ ಹೆಸರಾಗಿದ್ದ 19ನೇ ಶತಮಾನದ ಆಸ್ಥಾನ ಚಿತ್ರಕಾರ ಯಿ ಹ್ಯೊಂಗ್-ರೊಕ್, ಪರದೆಯ ಮೂಲೆಯಲ್ಲಿ ಸಹಿ ಹಾಕುತ್ತಿರಲಿಲ್ಲ. ಕಪಾಟಿನಲ್ಲಿ ಇತರ ವಸ್ತುಗಳ ನಡುವೆ ಮುದ್ರೆಯೊಂದನ್ನು ಬರೆದು, ಆ ಮುದ್ರೆಯ ಮುಖದ ಮೇಲೆ ತನ್ನ ಹೆಸರನ್ನು ಬರೆಯುತ್ತಿದ್ದನು. ಅವನು ಮುಂದೆ ಎರಡು ಬಾರಿ ಹೆಸರು ಬದಲಿಸಿಕೊಂಡಿದ್ದರಿಂದ, ಯಾವ ಪರದೆ ಅವನ ಯಾವ ಕಾಲದ್ದೆಂದು ತಿಳಿಯಲು ಸಂಶೋಧಕರಿಗೆ ಈ ಮುದ್ರೆಗಳೇ ನೆರವಾದವು.

ಪ್ರಶ್ನೆ: ಮಿನ್‌ಹ್ವಾ ಕಲಿಸುವವರು ಮೊದಲೇ ಬರೆದಿಟ್ಟ ರೇಖಾಚಿತ್ರದ ಮೇಲೆ ಕಾಗದವಿಟ್ಟು ಟ್ರೇಸ್ ಮಾಡಿಸುವುದನ್ನು ವಿಡಿಯೊಗಳಲ್ಲಿ ನೋಡಿದೆ. ನಾವು ಮಕ್ಕಳಿಗೆ ‘ನಕಲು ಮಾಡಬೇಡಿ, ಸ್ವಂತವಾಗಿ ಬರೆಯಿರಿ’ ಎಂದು ಹೇಳುತ್ತಾ ಬಂದವರು. ಇದು ಸರಿಯೇ? ಹಾಗೆಯೇ, ಇಲ್ಲಿ ಸಿಗುವ ಸಾಮಗ್ರಿಗಳಲ್ಲಿ ಇದನ್ನು ಮಾಡಿಸಲು ಆಗುತ್ತದೆಯೇ?
– ಮೈಸೂರಿನ ಓದುಗರೊಬ್ಬರು

ಉತ್ತರ: ಟ್ರೇಸ್ ಮಾಡಿಸಿ, ಧೈರ್ಯವಾಗಿ ಮಾಡಿಸಿ. ಆ ಮೂಲ ರೇಖಾಚಿತ್ರಕ್ಕೆ ಕೊರಿಯಾದಲ್ಲಿ ‘ಬೊನ್’ ಎನ್ನುತ್ತಾರೆ. ಒಂದೇ ಬೊನ್ ಕೈಯಿಂದ ಕೈಗೆ ದಾಟಿ, ದಾಟುವಾಗ ಒಬ್ಬನು ಹುಲಿಯ ಬಾಲವನ್ನು ಉದ್ದ ಮಾಡಿ, ಇನ್ನೊಬ್ಬನು ಎರಡನೆಯ ಹಕ್ಕಿಯನ್ನು ಸೇರಿಸಿ, ಮತ್ತೊಬ್ಬನು ಬಣ್ಣ ಬದಲಿಸಿ ಈ ಪರಂಪರೆ ಬೆಳೆದಿದೆ. ಹಳೆಯ ಮೈಸೂರು ಶೈಲಿಯ ಚಿತ್ರಕಾರರ ಮನೆಗಳಲ್ಲೂ ದೇವತೆಗಳ ರೇಖಾಚಿತ್ರಗಳ ಕಟ್ಟುಗಳು ತಂದೆಯಿಂದ ಮಗನಿಗೆ ಬರುತ್ತಿದ್ದವು ಎಂಬುದನ್ನು ಮೈಸೂರಿನ ನಿಮಗೆ ನೆನಪಿಸಬೇಕಾಗಿಲ್ಲ. ಸ್ವಂತಿಕೆ ಎಂಬುದು ಖಾಲಿ ಹಾಳೆಯಿಂದಲೇ ಆರಂಭವಾಗಬೇಕು ಎಂಬ ನಿಯಮವನ್ನು ಕೆಲವು ವಾರಗಳ ಮಟ್ಟಿಗೆ ಬದಿಗಿಟ್ಟರೆ, ಚಿತ್ರ ಬರೆಯಲು ಬರುವುದಿಲ್ಲವೆಂದು ಹಿಂದಿನ ಬೆಂಚಿನಲ್ಲಿ ಕುಳಿತ ಮಕ್ಕಳೂ ಮುಂದೆ ಬರುತ್ತಾರೆ. ಟ್ರೇಸ್ ಮಾಡಿದ ಮೇಲೆ ಏನನ್ನಾದರೂ ಒಂದನ್ನು ಬದಲಿಸಲೇಬೇಕು, ಬದಲಿಸಿದ್ದು ಯಾಕೆಂದು ಹೇಳಬೇಕು ಎಂಬ ಷರತ್ತನ್ನು ಮಾತ್ರ ಮರೆಯದೆ ಹಾಕಿ.

ಸಾಮಗ್ರಿಯ ವಿಚಾರಕ್ಕೆ ಬರೋಣ. ಅಲ್ಲಿ ಬಳಸುವುದು ‘ಹಾನ್‌ಜಿ’ ಎಂಬ ಕೈಕಾಗದ. ಹಿಪ್ಪುನೇರಳೆಯ ಬಳಗಕ್ಕೆ ಸೇರಿದ ಒಂದು ಗಿಡದ ತೊಗಟೆಯ ನಾರಿನಿಂದ ಅದನ್ನು ಮಾಡುತ್ತಾರೆ. ಹಾಗೆಯೇ ಬಿಟ್ಟರೆ ಆ ಕಾಗದ ಬಣ್ಣವನ್ನು ಹೀರಿ ಹರಡಿಬಿಡುತ್ತದೆ. ಅದಕ್ಕಾಗಿ ಅಂಟು ಮತ್ತು ಪಟಿಕವನ್ನು ಕರಗಿಸಿದ ತೆಳು ನೀರನ್ನು ಕಾಗದಕ್ಕೆ ಸವರಿ ಒಣಗಿಸುತ್ತಾರೆ. ಬಣ್ಣದ ಪುಡಿಯನ್ನು ಕಲಸುವುದೂ ಅದೇ ಅಂಟಿನಲ್ಲಿ. ಆ ಅಂಟನ್ನು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆಯುತ್ತಾರೆಂಬುದನ್ನು ಪೋಷಕರಿಗೆ ಮುಂಚೆಯೇ ತಿಳಿಸುವುದು ಒಳ್ಳೆಯದು. ಬೇಡವೆಂದರೆ ಜಾಲಿ ಗೋಂದು ಸಾಕು. ಶಾಲೆಯ ಮಟ್ಟಕ್ಕೆ ನಾನು ಸೂಚಿಸುವುದು ಇಷ್ಟೇ: ಅಂಗಡಿಯಲ್ಲಿ ಸಿಗುವ ಸ್ವಲ್ಪ ದಪ್ಪನೆಯ ಕೈಕಾಗದ, ಪೋಸ್ಟರ್ ಕಲರ್, ತುದಿ ಚೂಪಾಗಿ ಕೂಡುವ ಎರಡು ದುಂಡು ಬ್ರಷ್‌ಗಳು, ಕಪ್ಪು ಇಂಕು. ಕಾಗದಕ್ಕೆ ಹಳೆಯ ಹೊಂಬಣ್ಣ ಬರಲು ಕೊರಿಯಾದಲ್ಲಿ ಒಂದು ಬಗೆಯ ಮರದ ಕಾಯಿಗಳನ್ನು ಕುದಿಸಿದ ನೀರನ್ನು ಸವರುತ್ತಾರೆ. ನಮಗೆ ಹಾಲು ಹಾಕದ ಟೀ ಡಿಕಾಕ್ಷನ್ ಆಗುತ್ತದೆ. ಹಿಂದಿನ ದಿನವೇ ಸವರಿ, ಪೂರ್ತಿ ಒಣಗಿಸಿಟ್ಟುಕೊಳ್ಳಿ.

ಕೆಲಸದ ಕ್ರಮ ಹೀಗೆ. ಬೊನ್ ಮೇಲೆ ಕಾಗದವಿಟ್ಟು ತೆಳುವಾದ ಮಸಿಯಲ್ಲಿ ಗೆರೆ ಎಳೆಯಬೇಕು. ಆಮೇಲೆ ಎಲ್ಲ ಭಾಗಕ್ಕೂ ತಳದ ಬಣ್ಣವನ್ನು ಸಮನಾಗಿ ತುಂಬಬೇಕು. ಒಮ್ಮೆಗೇ ದಪ್ಪವಾಗಿ ಬಳಿಯದೆ ತೆಳುವಾಗಿ ಎರಡು ಸಲ ಬಳಿಯುವುದು ಉತ್ತಮ. ಮೂರನೆಯ ಹಂತವೇ ಈ ಕಲೆಯ ಜೀವ. ಅದನ್ನು ‘ಬಾರಿಮ್’ ಎನ್ನುತ್ತಾರೆ. ಎರಡು ಬ್ರಷ್‌ಗಳನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಹಿಂಡಿದ ನೀರಿನ ತೇವ ಮಾತ್ರ. ಪಿಯೋನಿ ಹೂವಿನ ಎಸಳಿನ ಬುಡಕ್ಕೆ ಬಣ್ಣದ ಬ್ರಷ್‌ನಿಂದ ಕಡುಗೆಂಪಿನ ಸಣ್ಣ ಗೆರೆ ಎಳೆದು, ಅದು ಒಣಗುವ ಮುನ್ನ ಬೆರಳುಗಳಲ್ಲೇ ಬ್ರಷ್‌ಗಳನ್ನು ತಿರುಗಿಸಿ, ತೇವದ ಬ್ರಷ್‌ನಿಂದ ಆ ಗೆರೆಯ ಅಂಚನ್ನು ಹೊರಕ್ಕೆ ಎಳೆಯುತ್ತಾ ಹೋದರೆ, ಕೆಂಪು ನಿಧಾನವಾಗಿ ತೆಳುವಾಗಿ ತಳದ ಬಣ್ಣದಲ್ಲಿ ಕರಗುತ್ತದೆ. ತೇವ ಹೆಚ್ಚಾದರೆ ಬಣ್ಣ ಓಡುತ್ತದೆ, ಕಡಿಮೆಯಾದರೆ ಗೆರೆ ಗಟ್ಟಿಯಾಗಿ ಉಳಿಯುತ್ತದೆ. ಮಕ್ಕಳು ಮೊದಲ ದಿನ ಇದನ್ನು ಮೂಲ ಹಾಳೆಯ ಮೇಲೆ ಮಾಡುವುದು ಬೇಡ. ಅದೇ ಕಾಗದದ ಚೂರುಗಳ ಮೇಲೆ ಒಂದೇ ಎಸಳನ್ನು ಹತ್ತಾರು ಸಲ ಬರೆಯಲಿ. ಈ ಅಭ್ಯಾಸಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ. ಕೊನೆಗೆ ಗಟ್ಟಿ ಮಸಿಯಲ್ಲೋ ಆಯಾ ಬಣ್ಣದ ಕಡು ಛಾಯೆಯಲ್ಲೋ ಗೆರೆಗಳನ್ನು ಮತ್ತೆ ತಿದ್ದಬೇಕು. ಹುಲಿಯಾದರೆ ರೋಮಗಳನ್ನೂ ಮೀಸೆಯನ್ನೂ ಈ ಹಂತದಲ್ಲಿ ಬಿಡಿಸಬೇಕು.

ನೀಲಿ, ಕೆಂಪು, ಹಳದಿ, ಬಿಳಿ, ಕಪ್ಪು ಎಂಬ ಐದು ಬಣ್ಣಗಳನ್ನು ಕೊರಿಯನ್ನರು ಕ್ರಮವಾಗಿ ಪೂರ್ವ, ದಕ್ಷಿಣ, ಮಧ್ಯ, ಪಶ್ಚಿಮ, ಉತ್ತರ ದಿಕ್ಕುಗಳಿಗೆ ಸೇರಿಸಿ ಹೇಳುತ್ತಾರೆ. ಪ್ಯಾಲೆಟ್‌ನಲ್ಲಿ ಈ ಐದರಿಂದಲೇ ಕೆಲಸ ಆರಂಭಿಸಿದರೆ ಚಿತ್ರಕ್ಕೆ ತಾನಾಗಿಯೇ ಆ ಪರಂಪರೆಯ ಕಳೆ ಬರುತ್ತದೆ.

ಪ್ರಶ್ನೆ: ಕೇಡನ್ನು ತಡೆಯುವ ಹುಲಿ, ಆಯುಷ್ಯ ಕೊಡುವ ಆಮೆ ಎಂದೆಲ್ಲ ಮಕ್ಕಳಿಗೆ ಕಲಿಸುವುದು ಮೂಢನಂಬಿಕೆಯನ್ನು ಬೆಳೆಸಿದಂತಾಗುವುದಿಲ್ಲವೇ?
– ದಾವಣಗೆರೆಯ ಪೋಷಕರೊಬ್ಬರು

ಉತ್ತರ: ನಂಬಿ ಎಂದು ಹೇಳಿಕೊಟ್ಟರೆ ಖಂಡಿತ ತಪ್ಪು. ಆ ಜನ ಏನನ್ನು ನಂಬಿದ್ದರು, ಯಾವ ಸಂಕಟದಲ್ಲಿ ನಂಬಿದ್ದರು ಎಂದು ತಿಳಿಸುವುದು ಚರಿತ್ರೆ. ನೀರು, ಬೆಂಕಿ, ಗಾಳಿಗಳಿಂದ ಬರುವ ಮೂರು ಕೇಡುಗಳನ್ನು ತಡೆಯಲು ಮೂರು ತಲೆಯ ಗಿಡುಗನ ಚಿತ್ರವನ್ನು ಬಳಸುತ್ತಿದ್ದ ಕಾಲದಲ್ಲಿ ಸಿಡುಬು ಮನೆಮನೆಯ ಮಕ್ಕಳನ್ನು ಕೊಂಡೊಯ್ಯುತ್ತಿತ್ತು, ಅರಮನೆಯನ್ನೂ ಬಿಡುತ್ತಿರಲಿಲ್ಲ. 1879ರಲ್ಲಿ ಕೊರಿಯಾದ ಯುವರಾಜನಿಗೆ ಸಿಡುಬು ತಗುಲಿ, ಅವನು ಬದುಕಿ ಉಳಿದ ಸಂತೋಷಕ್ಕೆ ಹತ್ತು ಮಡಿಕೆಗಳ ದೊಡ್ಡ ಪರದೆಯೊಂದನ್ನು ಬರೆಸಿದರು. ಅದರಲ್ಲಿ ಸೂರ್ಯ, ಮೋಡ, ಬೆಟ್ಟ, ನೀರು, ಬಂಡೆ, ಪೈನ್ ಮರ, ಕೊಕ್ಕರೆಯಂಥ ಕ್ರೇನ್ ಹಕ್ಕಿ, ಜಿಂಕೆ, ಆಮೆ ಮುಂತಾದ ದೀರ್ಘಾಯುಷ್ಯದ ಚಿಹ್ನೆಗಳಿವೆ. ಕೊನೆಯ ಎರಡು ಮಡಿಕೆಗಳಲ್ಲಿ ಚಿಕಿತ್ಸೆಯ ಉಸ್ತುವಾರಿ ವಹಿಸಿದ್ದ ಅಧಿಕಾರಿಗಳ ಹೆಸರುಗಳಿವೆ. ಈ ಪರದೆ ಈಗ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದೆ. ಜಿಂಕೆ-ಆಮೆಗಳ ಪಕ್ಕದಲ್ಲೇ ವೈದ್ಯಶಾಲೆಯವರ ಹೆಸರನ್ನು ಬರೆಸಿದ ಆ ಜನರ ಮನಸ್ಸನ್ನು ಮಕ್ಕಳೊಡನೆ ಚರ್ಚಿಸಿದರೆ ಅದರಿಂದ ಯಾವ ಹಾನಿಯೂ ಆಗದು. ಬದಲಿಗೆ, ಲಸಿಕೆ ಕೈಗೆಟುಕದ ಕಾಲದ ತಾಯಿತಂದೆಯರ ಭಯವನ್ನು ಅವರು ಅರಿಯುತ್ತಾರೆ.

ಪ್ರಶ್ನೆ: ಅಕ್ಷರಗಳನ್ನೇ ಚಿತ್ರವಾಗಿಸುವ ಒಂದು ಬಗೆ ಮಿನ್‌ಹ್ವಾದಲ್ಲಿದೆಯಂತೆ. ನಾನು ಕನ್ನಡ ಭಾಷಾ ಶಿಕ್ಷಕ. ಕನ್ನಡ ಅಕ್ಷರಗಳಲ್ಲಿ ಇದನ್ನು ಮಾಡಿಸಬಹುದೇ?
– ಧಾರವಾಡದ ಓದುಗರೊಬ್ಬರು

ಉತ್ತರ: ಅದಕ್ಕೆ ‘ಮುಂಜಾದೊ’ ಎಂದು ಹೆಸರು. ಮಾತಾಪಿತೃಭಕ್ತಿ, ಸೋದರಪ್ರೀತಿ, ನಿಷ್ಠೆ, ನಂಬಿಕೆ, ವಿನಯ, ನ್ಯಾಯ, ಪ್ರಾಮಾಣಿಕತೆ, ಲಜ್ಜೆ ಎಂಬ ಎಂಟು ಕನ್‌ಫ್ಯೂಷಿಯನ್ ಗುಣಗಳನ್ನು ಸೂಚಿಸುವ ಎಂಟು ಚೀನೀ ಅಕ್ಷರಗಳನ್ನು ಎಂಟು ಮಡಿಕೆಯ ಪರದೆಯ ಮೇಲೆ ಬರೆಯುತ್ತಿದ್ದರು. ಮೊದಲ ಅಕ್ಷರವನ್ನು ನೋಡಿ. ಅದರಲ್ಲಿ ಗೆಂಡೆ ಮೀನು, ಕಳಲೆ, ಬೀಸಣಿಗೆ ಇರುತ್ತವೆ. ಚಳಿಗಾಲದಲ್ಲಿ ಮಲತಾಯಿ ಮೀನು ಬಯಸಿದಾಗ ಹೆಪ್ಪುಗಟ್ಟಿದ ನದಿಯ ಮೇಲೆ ಮಲಗಿ, ಮೈಯ ಬಿಸಿಗೆ ಮಂಜು ಕರಗಿ ಮೀನು ದೊರೆತ ಮಗನ ಕಥೆ ಒಂದು. ಕಾಯಿಲೆ ಬಿದ್ದ ತಾಯಿ ಕಳಲೆ ಕೇಳಿದಾಗ, ಹಿಮದ ನಡುವೆ ಬಿದಿರಿನ ಮೆಳೆಯಲ್ಲಿ ಕುಳಿತು ಅತ್ತು, ಆ ಕಣ್ಣೀರಿಗೆ ಕಳಲೆ ಮೊಳೆತ ಇನ್ನೊಬ್ಬ ಮಗನ ಕಥೆ ಮತ್ತೊಂದು. ಬೇಸಿಗೆಯಲ್ಲಿ ತಂದೆಯ ಹಾಸಿಗೆಗೆ ಗಾಳಿ ಬೀಸಿ ತಂಪು ಮಾಡುತ್ತಿದ್ದ ಬಾಲಕನದು ಮೂರನೆಯದು. ಮೊದಮೊದಲು ಈ ಚಿತ್ರಗಳು ಅಕ್ಷರದ ಗೆರೆಗಳ ಒಳಗೆ ಸಣ್ಣದಾಗಿ ಕುಳಿತಿರುತ್ತಿದ್ದವು. ಬರಬರುತ್ತಾ ಮೀನೇ ಗೆರೆಯಾಯಿತು, ಕಳಲೆಯೇ ಇನ್ನೊಂದು ಗೆರೆಯಾಯಿತು. ಜೇಜು ದ್ವೀಪದ ಮುಂಜಾದೊಗಳಂತೂ ಹಾಳೆಯನ್ನು ಮೂರು ಅಂತಸ್ತುಗಳಾಗಿ ವಿಂಗಡಿಸಿ, ನಡುವೆ ಅಕ್ಷರ, ಮೇಲೆ-ಕೆಳಗೆ ಆ ದ್ವೀಪದ ಹಕ್ಕಿ, ಮೀನು, ಗಿಡಗಳನ್ನು ಸರಳವಾಗಿ ಬರೆದು, ನೋಡಿದೊಡನೆ ಗುರುತು ಹಿಡಿಯುವಂತಿವೆ.

ಕನ್ನಡದಲ್ಲಿ ಖಂಡಿತ ಮಾಡಿಸಬಹುದು. ಆದರೆ ‘ಅ’ ಅಕ್ಷರದೊಳಗೆ ಅಳಿಲು, ‘ಆ’ ಅಕ್ಷರದೊಳಗೆ ಆನೆ ಬರೆಸಿದರೆ ಅದು ಒಂದನೇ ತರಗತಿಯ ವರ್ಣಮಾಲೆಯ ಪಟವಾಗುತ್ತದೆ, ಮುಂಜಾದೊ ಆಗುವುದಿಲ್ಲ. ಅಲ್ಲಿ ಅಕ್ಷರ, ಗುಣ, ಕಥೆ ಮೂರೂ ಒಂದಕ್ಕೊಂದು ಕಟ್ಟಿಕೊಂಡಿವೆ. ವಿದ್ಯಾರ್ಥಿ ತಾನು ದೊಡ್ಡದೆಂದು ನಂಬುವ ಒಂದು ಗುಣವನ್ನು ಆರಿಸಿಕೊಳ್ಳಲಿ. ಆ ಗುಣವನ್ನು ತನಗೆ ಕಲಿಸಿದ ಕಥೆಯನ್ನು ನೆನೆಯಲಿ. ಆ ಕಥೆಯಲ್ಲಿ ಕೈಯಿಂದ ಮುಟ್ಟಬಹುದಾದ ವಸ್ತು ಯಾವುದೆಂದು ಹುಡುಕಲಿ. ‘ಸೇವೆ’ ಎಂದು ಬರೆಯುವ ಹುಡುಗ ಶ್ರವಣಕುಮಾರನನ್ನು ನೆನೆದರೆ, ಕಾವಡಿಯ ಅಡ್ಡೆ, ತೂಗುವ ಎರಡು ಬುಟ್ಟಿಗಳು, ನೀರಿನ ಕೊಡ ಅವನಿಗೆ ಸಿಗುತ್ತವೆ. ಅಡ್ಡೆಯೇ ಅಕ್ಷರದ ಮೇಲ್ಗೆರೆಯಾಗಬಹುದು. ನಮ್ಮ ಲಿಪಿ ಗುಂಡಗಿರುವುದರಿಂದ ಬುಟ್ಟಿ, ಕೊಡ, ಮೀನಿನ ಬಾಗು ಇವೆಲ್ಲ ಚೀನೀ ಅಕ್ಷರದ ನೇರ ಗೆರೆಗಳಿಗಿಂತ ಸಲೀಸಾಗಿ ಅದರೊಳಗೆ ಕೂರುತ್ತವೆ. ನೀವೂ ಚಿತ್ರಕಲಾ ಶಿಕ್ಷಕರೂ ಸೇರಿ ಒಂದೇ ಪಾಠವಾಗಿ ಇದನ್ನು ಮಾಡಿದರೆ ಇನ್ನೂ ಚೆನ್ನ.

ಪ್ರಶ್ನೆ: ಮುದ್ರಿಸಿ ತೋರಿಸಲು ಒಳ್ಳೆಯ ಗುಣಮಟ್ಟದ ಚಿತ್ರಗಳು ಎಲ್ಲಿ ಸಿಗುತ್ತವೆ? ಮುಂದಿನ ವರ್ಷ ಸೋಲ್‌ಗೆ ಹೋಗುವ ಅವಕಾಶವೂ ಇದೆ.
– ಮಂಗಳೂರಿನ ಓದುಗರೊಬ್ಬರು

ಉತ್ತರ: ಕ್ಲೀವ್‌ಲ್ಯಾಂಡ್ ಕಲಾ ಸಂಗ್ರಹಾಲಯ ತನ್ನ ಸಂಗ್ರಹದ ಬಹಳಷ್ಟು ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಅಂತರ್ಜಾಲದಲ್ಲಿ ಮುಕ್ತವಾಗಿಟ್ಟಿದೆ, ಮೇಲೆ ಹೇಳಿದ ಯಿ ಹ್ಯೊಂಗ್-ರೊಕ್, ಯಿ ತೇಕ್-ಗ್ಯುನ್ ಎಂಬ ತನ್ನ ಕೊನೆಯ ಹೆಸರಿನಲ್ಲಿ ಬರೆದ ಪುಸ್ತಕದ ಪರದೆ ಅಲ್ಲಿದೆ. ಕೊರಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಜಾಲತಾಣವೂ ಉಪಯುಕ್ತ. ಸೋಲ್‌ನಲ್ಲಿ ಗ್ಯೊಂಗ್‌ಬೊಕ್ ಅರಮನೆಯ ಆವರಣದ ರಾಷ್ಟ್ರೀಯ ಜನಪದ ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡಿ. ಬಿಡುವಿದ್ದರೆ ಗ್ಯಾಂಗ್‌ವೊನ್ ಪ್ರಾಂತ್ಯದ ಯೊಂಗ್‌ವೊಲ್‌ನಲ್ಲಿ ಮಿನ್‌ಹ್ವಾಗೆಂದೇ ಇರುವ ವಸ್ತುಸಂಗ್ರಹಾಲಯಕ್ಕೂ ಹೋಗಿ ಬನ್ನಿ. ಭಾರತದಲ್ಲೇ ಮಾಹಿತಿ ಬೇಕಾದರೆ ನವದೆಹಲಿಯ ಕೊರಿಯಾ ಸಾಂಸ್ಕೃತಿಕ ಕೇಂದ್ರಕ್ಕೆ ಬರೆಯಬಹುದು.

ಪ್ರಶ್ನೆ: ಇಂಥ ಕೆಲಸಕ್ಕೆ ಅಂಕ ಕೊಡುವುದು ಹೇಗೆ? ಟ್ರೇಸ್ ಮಾಡಿದ ಮೇಲೆ ಎಲ್ಲರ ಹುಲಿಯೂ ಒಂದೇ ರೀತಿ ಇರುತ್ತದಲ್ಲವೇ?
– ಕಲಬುರಗಿಯ ಓದುಗರೊಬ್ಬರು

ಉತ್ತರ: ಬಣ್ಣ ಹಾಕಿ ಮುಗಿಸುವಷ್ಟರಲ್ಲಿ ಯಾವ ಎರಡು ಹುಲಿಗಳೂ ಒಂದೇ ರೀತಿ ಇರುವುದಿಲ್ಲ, ಕಣ್ಣುಗಳಲ್ಲೇ ವ್ಯತ್ಯಾಸ ಕಾಣುತ್ತದೆ. ಆದರೂ ರೇಖೆಯ ಅಚ್ಚುಕಟ್ಟಿಗೆ ಹೆಚ್ಚು ಅಂಕವಿಡಬೇಡಿ. ಬಾರಿಮ್ ಅಭ್ಯಾಸದ ಚೂರು ಕಾಗದಗಳನ್ನು ಎಸೆಯದೆ ಚಿತ್ರದ ಹಿಂದೆ ಪಿನ್ ಮಾಡಿ ತರಲು ಹೇಳಿ. ಮೊದಲ ಎಸಳಿನಿಂದ ಕೊನೆಯ ಎಸಳಿನವರೆಗೆ ಕೈ ಎಷ್ಟು ಪಳಗಿದೆಯೆಂದು ಅವು ತೋರಿಸುತ್ತವೆ, ಮೂರರಲ್ಲಿ ಒಂದು ಪಾಲು ಅಂಕ ಅದಕ್ಕಿರಲಿ. ಮಗು ಮೂಲದಲ್ಲಿ ಏನನ್ನು ಬದಲಿಸಿತು ಎಂಬುದಕ್ಕೆ ಇನ್ನೊಂದು ಪಾಲು. ಉಳಿದದ್ದು, ಚಿತ್ರದ ಹಿಂಬದಿಯಲ್ಲಿ ಕನ್ನಡದಲ್ಲೇ ಬರೆಯಬೇಕಾದ ಆರೇಳು ಸಾಲುಗಳಿಗೆ: ಈ ಚಿತ್ರವನ್ನು ಯಾರಿಗೆ ಕೊಡುತ್ತೀರಿ, ಅವರ ಮನೆಯಲ್ಲಿ ಇದು ಎಲ್ಲಿರಬೇಕು, ಅವರಿಗೆ ಏನಾಗಲಿ ಎಂದು ಹಾರೈಸಿ ಬರೆದಿರಿ. ಅಂಕ ನಮೂದಿಸಿಕೊಂಡ ಮೇಲೆ ಚಿತ್ರಗಳನ್ನು ಶಾಲೆಯ ಬೀರುವಿನಲ್ಲಿ ಇಟ್ಟುಕೊಳ್ಳದೆ ಮಕ್ಕಳಿಗೆ ಹಿಂದಿರುಗಿಸಿ, ಯಾರ ಹೆಸರನ್ನು ಬರೆದಿದ್ದಾರೋ ಅವರಿಗೇ ಕೊಟ್ಟು ಬರಲು ಹೇಳಿ.